ಬಿಡಿ ಚಾನೆಲ್ ಕೊಳ್ಳಬೇಕೇ, ಪ್ಯಾಕ್ ಹಾಕಿಸಬೇಕೇ? ಕೇಬಲ್ ಬಿಲ್ಲನ್ನು ಬಿಡಿಸಿ ನೋಡೋಣ

ಯುಗಾದಿಗೆ ಊರಿಗೆ ಹೋಗಿದ್ದಾಗ ಅಮ್ಮ ಕೇಬಲ್ ರಸೀದಿಯನ್ನು ನನ್ನ ಕೈಗಿಟ್ಟು, "ಇದರಲ್ಲಿ ನಾವು ನೋಡುವುದು ಯಾವುದು, ಸುಮ್ಮನೆ ದುಡ್ಡು ಕಟ್ಟುತ್ತಿರುವುದು ಯಾವುದು, ಸ್ವಲ್ಪ ನೋಡಿ ಹೇಳು" ಎಂದರು. ತೆರಿಗೆ ಸೇರಿ ತಿಂಗಳಿಗೆ 354 ರೂಪಾಯಿ. ರಸೀದಿಯಲ್ಲಿ ಪ್ಯಾಕಿನ ಹೆಸರು ಇತ್ತೇ ಹೊರತು ಅದರೊಳಗೆ ಏನೇನಿದೆ ಎಂಬುದು ಇರಲಿಲ್ಲ. ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಹರಿದು ಟಿವಿಯ ಪಕ್ಕದ ಮೊಳೆಗೆ ಸಿಕ್ಕಿಸಿದೆ, ಒಂದು ಪೆನ್ಸಿಲನ್ನು ದಾರ ಕಟ್ಟಿ ಇಳಿಬಿಟ್ಟೆ. ಯಾರು ಯಾವ ಚಾನೆಲ್ ಹಾಕಿದರೂ ಅದರ ಹೆಸರು ಬರೆಯಬೇಕು. ಮತ್ತೆ ಹಾಕಿದರೆ ಪಕ್ಕದಲ್ಲಿ ಒಂದು ಗೀಟು ಎಳೆಯಬೇಕು. ವಾರ ಕಳೆಯುವಷ್ಟರಲ್ಲಿ ಹಾಳೆಯಲ್ಲಿ ಹದಿಮೂರು ಹೆಸರುಗಳು ಬಿದ್ದಿದ್ದವು. ಅವುಗಳಲ್ಲಿ ಆರು ಉಚಿತ ಚಾನೆಲ್‌ಗಳು. ಹಣ ಕೊಟ್ಟು ನೋಡಬೇಕಾದವು ಏಳು. ಅವುಗಳಲ್ಲೂ ಎರಡರ ಮುಂದೆ ಒಂದೊಂದೇ ಗೀಟು. ಪ್ಯಾಕಿನಲ್ಲಿ ಬರುತ್ತಿದ್ದ ಚಾನೆಲ್‌ಗಳ ಸಂಖ್ಯೆ ಇನ್ನೂರಕ್ಕೂ ಮೇಲೆ.

ಬಿಡಿಯಾಗಿ ಆರಿಸಿಕೊಳ್ಳುವುದು ಲಾಭವೋ, ಪ್ಯಾಕ್ ಲಾಭವೋ ಎಂದು ನನ್ನನ್ನು ಕೇಳುವ ನೆಂಟರಿಗೆಲ್ಲ ಮೊದಲು ಈ ಹಾಳೆಯ ಕೆಲಸ ಮಾಡಿ ಎನ್ನುತ್ತೇನೆ. ಲೆಕ್ಕ ಆಮೇಲಿನದು. ಆದರೆ ಲೆಕ್ಕವೂ ಬೇಕು, ಏಕೆಂದರೆ ಎರಡು ಕಡೆಯೂ ಎದ್ದು ಕಾಣದ ಖರ್ಚುಗಳಿವೆ.

ಬಿಲ್ಲಿನಲ್ಲಿ ಇರುವುದು ಮೂರೇ ಬಾಬತ್ತು

ಮೊದಲನೆಯದು ನೆಟ್‌ವರ್ಕ್ ಸಾಮರ್ಥ್ಯ ಶುಲ್ಕ. ಬಿಲ್ಲಿನಲ್ಲಿ ಎನ್‌ಸಿಎಫ್ ಎಂದು ಬರುತ್ತದೆ. ಮನೆಗೆ ತಂತಿ ಎಳೆದು ಸಿಗ್ನಲ್ ತಲುಪಿಸುವುದಕ್ಕೆ ಕೇಬಲ್‌ನವರು ಪಡೆಯುವ ಹಣ ಇದು. 2019ರಲ್ಲಿ ಹೊಸ ದರ ವ್ಯವಸ್ಥೆ ಜಾರಿಯಾದಾಗ ಮೊದಲ 100 ಚಾನೆಲ್‌ಗಳಿಗೆ 130 ರೂಪಾಯಿಯ ಮಿತಿ ಇತ್ತು. 2020ರ ತಿದ್ದುಪಡಿಯಲ್ಲಿ ಅದೇ 130 ರೂಪಾಯಿಗೆ 200 ಚಾನೆಲ್ ಎಂದಾಯಿತು, ಅದಕ್ಕಿಂತ ಹೆಚ್ಚು ಎಷ್ಟೇ ಇದ್ದರೂ 160 ರೂಪಾಯಿ ಮೀರಬಾರದು ಎಂದಾಯಿತು. 2024ರ ಜುಲೈನಲ್ಲಿ ಟ್ರಾಯ್, ಅಂದರೆ ಟಿವಿ ಮತ್ತು ದೂರವಾಣಿ ಸೇವೆಗಳಿಗೆ ನಿಯಮ ಮಾಡುವ ಕೇಂದ್ರದ ಪ್ರಾಧಿಕಾರ, ಈ ಮಿತಿಯನ್ನೇ ತೆಗೆದುಹಾಕಿತು. ಈಗ ಆ ಶುಲ್ಕವನ್ನು ಕಂಪನಿಗಳೇ ನಿಗದಿ ಮಾಡಿ ಪ್ರಕಟಿಸಬೇಕು; ಒಂದು ಪ್ರದೇಶದಿಂದ ಇನ್ನೊಂದಕ್ಕೆ ಅದು ಬೇರೆಯಾಗಬಹುದು. ಹಾಗಾಗಿ ಬೆಂಗಳೂರಿನ ತಂಗಿಯ ಮನೆಯ ಬಿಲ್ಲನ್ನು ಹಿಡಿದು ಊರಿನ ಬಿಲ್ಲಿಗೆ ಹೋಲಿಸಿ ಜಗಳಕ್ಕೆ ಹೋಗಬೇಡಿ. ನಿಮ್ಮ ಬಡಾವಣೆಯ ದರ ಎಷ್ಟು ಎಂದು ಮಾತ್ರ ಕೇಳಿ.

ಎರಡನೆಯದು ಹಣ ಕೊಟ್ಟು ನೋಡುವ ಚಾನೆಲ್‌ಗಳ, ಅಂದರೆ ಪೇ ಚಾನೆಲ್‌ಗಳ, ಬೆಲೆ. ಇದನ್ನು ಪ್ರಸಾರ ಕಂಪನಿಗಳು ಗೊತ್ತುಮಾಡುತ್ತವೆ, ಕೇಬಲ್‌ನವರು ಅದಕ್ಕಿಂತ ಒಂದು ಪೈಸೆಯೂ ಹೆಚ್ಚು ಕೇಳುವಂತಿಲ್ಲ. ಉಚಿತ ಚಾನೆಲ್‌ಗಳಿಗೆ ಬೇರೆ ಬೆಲೆ ಇಲ್ಲ, ಅವು ಎನ್‌ಸಿಎಫ್‌ನಲ್ಲಿಯೇ ಬಂದುಬಿಡುತ್ತವೆ. ಕನ್ನಡದ ಬಹುತೇಕ ಸುದ್ದಿ ಚಾನೆಲ್‌ಗಳು ಈ ಉಚಿತ ಗುಂಪಿಗೆ ಸೇರಿವೆ. ದೂರದರ್ಶನದ ಚಂದನ ಕಡ್ಡಾಯವಾಗಿ ಬರುತ್ತದೆ.

ಮೂರನೆಯದು ಇವೆರಡರ ಮೇಲೆ ಶೇ 18 ಜಿಎಸ್‌ಟಿ. ಜಾಹೀರಾತಿನ ಬೆಲೆಯೂ ಕೈಯಿಂದ ಕೊಡುವ ಹಣವೂ ಬೇರೆ ಬೇರೆಯಾಗಿ ಕಾಣುವುದು ಇದರಿಂದಲೇ. 130 ರೂಪಾಯಿ ಎಂದದ್ದು ಕೈಯಿಂದ ಹೋಗುವಾಗ 153 ರೂಪಾಯಿ 40 ಪೈಸೆ.

ಈ ಮೊದಲ ಬಾಬತ್ತನ್ನು ಮರೆತು ಮಾತಾಡುವುದರಿಂದಲೇ ಬಿಡಿ ಚಾನೆಲ್ ಬಗ್ಗೆ ಅತಿಯಾದ ಆಸೆ ಹುಟ್ಟುವುದು. 19 ರೂಪಾಯಿಯ ಒಂದೇ ಒಂದು ಚಾನೆಲ್ ಸಾಕು ಎನ್ನುವ ಮನೆಯೂ, ಎನ್‌ಸಿಎಫ್ 130 ಇದ್ದರೆ, ತೆರಿಗೆ ಸೇರಿ 175 ರೂಪಾಯಿ 82 ಪೈಸೆ ಕಟ್ಟಬೇಕು. ಅಂಗಡಿಯಲ್ಲಿ ಕಾಲು ಕೆಜಿ ಬೇಳೆ ಕಟ್ಟಿಸಿಕೊಂಡ ಹಾಗೆ ಇದು ನಡೆಯುವುದಿಲ್ಲ. ಎಷ್ಟೇ ಕಡಿಮೆ ಆರಿಸಿದರೂ ಕೆಳಗೆ ಒಂದು ನೆಲವಿದೆ, ಅದಕ್ಕಿಂತ ಕೆಳಗೆ ಬಿಲ್ ಇಳಿಯುವುದಿಲ್ಲ.

ಈ ಆಯ್ಕೆ ಬಂದದ್ದು ಹೇಗೆ

ಮೊದಲು ಒಂದೇ ತಂತಿಯಲ್ಲಿ ಬೀದಿಗೆಲ್ಲ ಒಂದೇ ಚಾನೆಲ್‌ಗಳು ಬರುತ್ತಿದ್ದವು. ನಮಗೆ ಇದು ಬೇಡ ಎಂದರೆ ಆ ಮನೆಗೆ ಮಾತ್ರ ಅದನ್ನು ನಿಲ್ಲಿಸುವ ದಾರಿಯೇ ಇರಲಿಲ್ಲ. ಮನೆಮನೆಗೆ ಸೆಟ್‌ಟಾಪ್ ಬಾಕ್ಸ್ ಬಂದ ಮೇಲೆ ಅದು ಸಾಧ್ಯವಾಯಿತು. ಬೆಂಗಳೂರು, ಮೈಸೂರುಗಳಿಗೆ ಡಿಜಿಟಲ್ ಗಡುವು 2013ರ ಮಾರ್ಚ್ 31 ಆಗಿತ್ತು. ಸಣ್ಣ ಊರುಗಳಿಗೆ, ಹಳ್ಳಿಗಳಿಗೆ ಆಮೇಲೆ ಬಂತು. ಬಾಕ್ಸ್ ಬಂದರೂ ಆಯ್ಕೆ ಮಾತ್ರ ಕೇಬಲ್‌ನವರ ಕೈಯಲ್ಲೇ ಉಳಿಯಿತು. 2017ರ ಮಾರ್ಚ್‌ನಲ್ಲಿ ಟ್ರಾಯ್ ಹೊಸ ಆದೇಶ ಹೊರಡಿಸಿ, ಪ್ರತಿಯೊಂದು ಪೇ ಚಾನೆಲನ್ನೂ ಬಿಡಿಯಾಗಿ ಮಾರಲೇಬೇಕು, ಪ್ರತಿಯೊಂದಕ್ಕೂ ಬೆಲೆ ಪ್ರಕಟಿಸಲೇಬೇಕು ಎಂದಿತು. ಪ್ರಸಾರ ಕಂಪನಿಗಳು ನ್ಯಾಯಾಲಯಕ್ಕೆ ಹೋದವು. 2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಟ್ರಾಯ್‌ನ ಅಧಿಕಾರವನ್ನು ಎತ್ತಿಹಿಡಿಯಿತು. 2019ರ ಫೆಬ್ರುವರಿ 1ರಿಂದ ಹೊಸ ವ್ಯವಸ್ಥೆ ನಡೆಗೆ ಬಂತು.

ಇಲ್ಲಿ ಒಂದು ಸಂಗತಿಯನ್ನು ಹೆಚ್ಚಿನವರು ಗಮನಿಸಲಿಲ್ಲ. ಫೆಬ್ರುವರಿಯಲ್ಲಿ ಲಕ್ಷಾಂತರ ಮನೆಗಳು ತಮ್ಮ ಪಟ್ಟಿ ಕೊಟ್ಟಿರಲಿಲ್ಲ. ಟಿವಿ ಕಪ್ಪಾಗಬಾರದು ಎಂದು ಟ್ರಾಯ್ ಮಾರ್ಚ್ 31ರವರೆಗೆ ಸಮಯ ಕೊಟ್ಟು, ಆರಿಸದವರನ್ನು ಅವರ ಭಾಷೆ, ಅಭ್ಯಾಸ ನೋಡಿ ಹೊಂದುವ ಒಂದು ಯೋಜನೆಗೆ ಹಾಕುವಂತೆ ಕಂಪನಿಗಳಿಗೆ ಹೇಳಿತು. ಅಂದು ಹಾಗೆ ಹಾಕಿದ ಪಟ್ಟಿ ಇಂದಿಗೂ ಎಷ್ಟೋ ಮನೆಗಳಲ್ಲಿ ಸಣ್ಣಪುಟ್ಟ ಬದಲಾವಣೆಯೊಂದಿಗೆ ಮುಂದುವರಿದಿದೆ. ನಮ್ಮ ಮನೆಯದೂ ಅದೇ ಕಥೆ. "ನಾವು ಆರಿಸಿದ ಪ್ಯಾಕ್" ಎಂದು ಅಮ್ಮ ಅಂದುಕೊಂಡಿದ್ದು ಯಾರೋ ಎಲ್ಲಿಯೋ ಕುಳಿತು ಬರೆದ ಪಟ್ಟಿ.

ಪ್ಯಾಕ್ ಎಂದರೆ ಎರಡು ಬಗೆ, ಎರಡನ್ನೂ ಬೆರೆಸಬೇಡಿ

ಪ್ರಸಾರ ಕಂಪನಿಯ ಪ್ಯಾಕ್ ಒಂದು. ಒಂದೇ ಕಂಪನಿಯ ನಾಲ್ಕಾರು ಚಾನೆಲ್‌ಗಳನ್ನು ಒಟ್ಟಿಗೆ ಕಟ್ಟಿ ರಿಯಾಯಿತಿಯಲ್ಲಿ ಮಾರುವುದು. ಕೇಬಲ್ ಅಥವಾ ಡಿಟಿಎಚ್ ಕಂಪನಿಯ ಪ್ಯಾಕ್ ಇನ್ನೊಂದು. ಹಲವು ಪ್ರಸಾರ ಕಂಪನಿಗಳ ಪ್ಯಾಕ್‌ಗಳನ್ನೂ ಬಿಡಿ ಚಾನೆಲ್‌ಗಳನ್ನೂ ಉಚಿತ ಚಾನೆಲ್‌ಗಳನ್ನೂ ಸೇರಿಸಿ ಅವರು ಮಾಡಿದ ದೊಡ್ಡ ಗಂಟು. ಬಿಡಿಯೋ ಪ್ಯಾಕೋ ಎಂದು ವಾದಿಸುವಾಗ ಜನ ಈ ಎರಡನ್ನೂ ಒಂದೇ ಎಂದು ತಿಳಿದು ಮಾತಾಡುತ್ತಾರೆ. ಹಣ ಸೋರುವ ಜಾಗ ಯಾವುದು ಎಂಬುದು ಇವೆರಡನ್ನು ಬೇರೆಮಾಡಿ ನೋಡಿದಾಗಲೇ ಗೊತ್ತಾಗುವುದು.

ಮೊದಲು ಪ್ರಸಾರ ಕಂಪನಿಯ ಪ್ಯಾಕನ್ನು ತೆಗೆದುಕೊಳ್ಳೋಣ. ಇದರಲ್ಲಿ ನಿಯಮಗಳು ಬಿಗಿಯಾಗಿವೆ. 19 ರೂಪಾಯಿಗಿಂತ ಹೆಚ್ಚು ಬೆಲೆಯ ಚಾನೆಲನ್ನು ಪ್ಯಾಕಿಗೆ ಸೇರಿಸುವಂತಿಲ್ಲ. ಉಚಿತ ಚಾನೆಲನ್ನು ಹಣದ ಪ್ಯಾಕಿನಲ್ಲಿ ತುರುಕುವಂತಿಲ್ಲ. ಒಂದೇ ಚಾನೆಲಿನ ಸಾಮಾನ್ಯ ರೂಪವನ್ನೂ ಎಚ್‌ಡಿ ರೂಪವನ್ನೂ ಒಂದೇ ಪ್ಯಾಕಿನಲ್ಲಿ ಕೊಡುವಂತಿಲ್ಲ. 2020ರಲ್ಲಿ ಆ 19ರ ಮಿತಿಯನ್ನು 12ಕ್ಕೆ ಇಳಿಸಲಾಗಿತ್ತು. ಮತ್ತೆ ಕೋರ್ಟು ಕಚೇರಿ ಎಲ್ಲ ಆಗಿ 2022ರ ನವೆಂಬರ್‌ನ ತಿದ್ದುಪಡಿಯಲ್ಲಿ 19ಕ್ಕೇ ಮರಳಿತು. ಅದೇ ತಿದ್ದುಪಡಿ ಇನ್ನೊಂದು ಮುಖ್ಯ ಮಾತು ಹೇಳಿತು: ಪ್ಯಾಕಿನ ಮೇಲೆ ಕೊಡುವ ರಿಯಾಯಿತಿ, ಅದರೊಳಗಿನ ಚಾನೆಲ್‌ಗಳ ಬಿಡಿ ಬೆಲೆಗಳ ಮೊತ್ತದ ಶೇ 45 ಮೀರಬಾರದು. 2023ರ ಫೆಬ್ರುವರಿಯಿಂದ ಇದು ಜಾರಿಯಲ್ಲಿದೆ.

ಈ ಮಿತಿ ಏಕೆ ಬೇಕಾಯಿತು ಎಂದರೆ, 2019ರಲ್ಲಿ ಕೆಲವು ಪ್ಯಾಕ್‌ಗಳ ಮೇಲೆ ಶೇ 70ರವರೆಗೂ ರಿಯಾಯಿತಿ ಕೊಡುತ್ತಿದ್ದುದನ್ನು ಟ್ರಾಯ್ ಕಂಡುಕೊಂಡಿತು. ಕನ್ನಡದ ಪ್ರಮುಖ ಮನರಂಜನಾ ಚಾನೆಲ್‌ಗಳ ಬಿಡಿ ಬೆಲೆ 19ರ ಗೆರೆಗೆ ತಾಗಿ ನಿಂತಿತ್ತು, ಪ್ಯಾಕಿನ ಬೆಲೆ ಅದಕ್ಕಿಂತ ತುಸುವೇ ಮೇಲೆ. ಬಿಡಿ ಬೆಲೆಯನ್ನು ಬೇಕೆಂದೇ ಎತ್ತರದಲ್ಲಿಟ್ಟು, ಪ್ಯಾಕನ್ನು ಅಗ್ಗವಾಗಿ ಕಾಣಿಸಿದರೆ ಬಿಡಿ ಆಯ್ಕೆ ಕಾಗದದ ಮೇಲೆ ಮಾತ್ರ ಉಳಿಯುತ್ತದೆ. ನೋಡುವವನಿಗೆ ಹಕ್ಕು ಸಿಕ್ಕಿತು, ಆ ಹಕ್ಕನ್ನು ಬಳಸಿದರೆ ನಷ್ಟ ಎನ್ನುವ ಸ್ಥಿತಿಯೂ ಜೊತೆಗೇ ಬಂತು. ನನಗೆ ಅಂದಿಗೂ ಇಂದಿಗೂ ಸಿಟ್ಟು ಬರುವುದು ಈ ಒಂದು ವಿಷಯಕ್ಕೆ.

ಈಗ ಶೇ 45ರ ಮಿತಿಯನ್ನು ನಮ್ಮ ಕಡೆಯಿಂದ ಓದೋಣ. ಲೆಕ್ಕಕ್ಕೆಂದು ಒಂದು ಕಂಪನಿಯ ಐದು ಚಾನೆಲ್‌ಗಳ ಬೆಲೆ 19, 8, 6, 4, 3 ಎಂದಿಟ್ಟುಕೊಳ್ಳಿ. ಒಟ್ಟು 40 ರೂಪಾಯಿ. ಪೂರ್ತಿ ರಿಯಾಯಿತಿ ಕೊಟ್ಟರೂ ಪ್ಯಾಕ್ 22 ರೂಪಾಯಿಗಿಂತ ಕೆಳಗೆ ಬರುವಂತಿಲ್ಲ. ನಿಮಗೆ 19ರ ಮುಖ್ಯ ಚಾನೆಲ್ ಒಂದೇ ಬೇಕಾದರೆ ಬಿಡಿಯಾಗಿ ಕೊಳ್ಳಿ, 3 ರೂಪಾಯಿ ಉಳಿಯಿತು. ಅದರ ಜೊತೆ 8 ರೂಪಾಯಿಯ ಸಿನಿಮಾ ಚಾನೆಲೂ ಬೇಕೆಂದರೆ ಬಿಡಿಯಾಗಿ 27 ಆಗುತ್ತದೆ, ಪ್ಯಾಕ್ ಕೊಳ್ಳಿ. ಧಾರಾವಾಹಿ ಬೇಡ, 8ರ ಸಿನಿಮಾ ಮತ್ತು 6ರ ಸಂಗೀತದ ಚಾನೆಲ್ ಸಾಕು ಎಂದರೆ 14 ರೂಪಾಯಿ, ಬಿಡಿಯೇ ಲಾಭ. ಅಂದರೆ ಒಂದು ಕಂಪನಿಯಿಂದ ನಿಮಗೆ ಬೇಕಾದ ಚಾನೆಲ್‌ಗಳ ಮೊತ್ತ ಆ ಪ್ಯಾಕಿನ ಬೆಲೆಯನ್ನು ದಾಟಿದರೆ ಪ್ಯಾಕ್, ದಾಟದಿದ್ದರೆ ಬಿಡಿ. ಮುಖ್ಯ ಚಾನೆಲಿನ ಜೊತೆ ಅದೇ ಕಂಪನಿಯ ಇನ್ನೊಂದು ಬೇಕೆನಿಸಿದರೆ ಸಾಮಾನ್ಯವಾಗಿ ಪ್ಯಾಕ್ ಗೆಲ್ಲುತ್ತದೆ.

ಈ ಲೆಕ್ಕವನ್ನು ಕಂಪನಿ ಕಂಪನಿಗೂ ಬೇರೆಯಾಗಿ ಮಾಡಬೇಕು. ಮನೆಗೆಲ್ಲ ಬಿಡಿ, ಇಲ್ಲವೇ ಮನೆಗೆಲ್ಲ ಪ್ಯಾಕ್ ಎಂದು ಒಂದೇ ಸಲ ತೀರ್ಮಾನಿಸುವ ಅಗತ್ಯವಿಲ್ಲ. ಎರಡನ್ನೂ ಕೂಡಿಸಿಕೊಳ್ಳಲು ನಿಯಮದ ಅಡ್ಡಿಯಿಲ್ಲ. ಕನ್ನಡದ ಮನರಂಜನೆ ಈಗ ಹೆಚ್ಚುಕಡಿಮೆ ಮೂರು ಕಂಪನಿಗಳ ಕೈಯಲ್ಲಿದೆ. ಉದಯ ಟಿವಿ ಮತ್ತು ಅದರ ಸಿನಿಮಾ, ಸಂಗೀತ, ಹಾಸ್ಯದ ಚಾನೆಲ್‌ಗಳು ಸನ್ ನೆಟ್‌ವರ್ಕಿನವು. ಜೀ ಕನ್ನಡ, ಜೀ ಪಿಚ್ಚರ್ ಒಂದು ಕಡೆ. ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ ಬೇರೆ ಬೇರೆ ಒಡೆತನದಲ್ಲಿದ್ದವು. 2024ರ ನವೆಂಬರ್‌ನ ವಿಲೀನದ ನಂತರ ಎರಡೂ ಜಿಯೋಸ್ಟಾರ್‌ನವು. ಒಡೆತನ ಒಂದಾದರೂ ಪ್ಯಾಕ್‌ಗಳು ಬೇರೆಯಾಗಿರಬಹುದು, ಆದ್ದರಿಂದ ಪ್ಯಾಕಿನೊಳಗಿನ ಹೆಸರುಗಳನ್ನು ಓದಿಯೇ ತೀರ್ಮಾನಿಸಿ.

ಮೇಲಿನ ಬೆಲೆಗಳನ್ನೇ ಮೂರು ಕಂಪನಿಗಳಿಗೂ ಇಟ್ಟುಕೊಂಡು ಒಂದು ಮನೆಯ ಲೆಕ್ಕ ಹಾಕೋಣ. ಎರಡು ಕಂಪನಿಗಳಿಂದ ಮುಖ್ಯ ಚಾನೆಲ್ ಮತ್ತು ಸಿನಿಮಾ ಚಾನೆಲ್, ಮೂರನೆಯದರಿಂದ ಮುಖ್ಯ ಚಾನೆಲ್ ಮಾತ್ರ ಬೇಕು. ಎಲ್ಲವನ್ನೂ ಬಿಡಿಯಾಗಿ ಕೊಂಡರೆ 73 ರೂಪಾಯಿ. ಎಲ್ಲಕ್ಕೂ ಪ್ಯಾಕ್ ಎಂದರೆ 66. ಎರಡು ಪ್ಯಾಕ್, ಒಂದು ಬಿಡಿ ಎಂದರೆ 63. ತೆರಿಗೆ ಸೇರಿಸಿದರೂ ಅತಿ ದುಬಾರಿಗೂ ಅತಿ ಅಗ್ಗಕ್ಕೂ ನಡುವೆ ಇರುವುದು 11 ರೂಪಾಯಿ 80 ಪೈಸೆ.

ಇಷ್ಟೇ. ಬಿಡಿಯೋ ಕಂಪನಿ ಪ್ಯಾಕೋ ಎನ್ನುವ ಜಗ್ಗಾಟ ಇರುವುದು ಒಂದು ಲೋಟ ಕಾಫಿಯ ದುಡ್ಡಿಗೆ. ನಮ್ಮ ಮನೆಯ 354 ರೂಪಾಯಿ ಇಲ್ಲಿಂದ ಹುಟ್ಟಿದ್ದಲ್ಲ.

ದೊಡ್ಡ ಗಂಟಿನೊಳಗೆ ಏನಿದೆ

ಅದು ಹುಟ್ಟಿದ್ದು ಎರಡನೆಯ ಬಗೆಯ ಪ್ಯಾಕಿನಿಂದ. ಆ ದಿನ ನಾನು ರಿಮೋಟ್ ಹಿಡಿದು ಕಾರ್ಯಕ್ರಮ ಪಟ್ಟಿ ತೆರೆದು ಒಂದೊಂದೇ ಚಾನೆಲ್ ದಾಟುತ್ತಾ ಹೋದೆ. ಅಲ್ಲಿ ಪ್ರತಿ ಚಾನೆಲಿನ ಬೆಲೆ ಕಾಣಬೇಕು ಎಂಬುದು ನಿಯಮ. ನಾಲ್ಕು ಕ್ರೀಡಾ ಚಾನೆಲ್‌ಗಳು, ಅವುಗಳಲ್ಲಿ ಮೂರು ಹಿಂದಿ ಮತ್ತು ಇಂಗ್ಲಿಷಿನವು. ಹಿಂದಿಯ ಧಾರಾವಾಹಿ ಚಾನೆಲ್‌ಗಳ ಒಂದು ಸಾಲು. ಮನೆಯಲ್ಲಿ ಐದು ವರ್ಷದೊಳಗಿನ ಮಗು ಇಲ್ಲ, ಆದರೂ ಮಕ್ಕಳ ಚಾನೆಲ್‌ಗಳು ಮೂರು. ಇಂಗ್ಲಿಷ್ ಸಿನಿಮಾ. ತೆಲುಗಿನ ಒಂದು ಚಾನೆಲ್, ಅದನ್ನು ಹಾಕಿದವರು ಯಾರೂ ಇಲ್ಲ. ಅಪ್ಪ ಪಕ್ಕದಲ್ಲಿ ಕುಳಿತು ಬೆಲೆ ಬರೆಯುತ್ತಿದ್ದರು. ಮೂವತ್ತನೆಯ ಚಾನೆಲಿಗೆ ಬಂದಾಗ ಪೆನ್ಸಿಲ್ ಕೆಳಗಿಟ್ಟು, "ಇಷ್ಟೆಲ್ಲ ನಮ್ಮ ಮನೆಗೆ ಬರುತ್ತಿತ್ತೇ?" ಎಂದರು.

ಕೇಬಲ್‌ನವರು ಇಂಥ ಗಂಟನ್ನೇ ಮುಂದಿಡುವುದಕ್ಕೆ ಕಾರಣವಿದೆ, ಅದನ್ನು ಅವರ ಕಡೆಯಿಂದಲೂ ನೋಡಬೇಕು. ಪ್ರತಿ ಪೇ ಚಾನೆಲಿನ ಬೆಲೆಯಲ್ಲಿ ಕನಿಷ್ಠ ಶೇ 20 ವಿತರಣಾ ಶುಲ್ಕವಾಗಿ ವಿತರಕ ಕಂಪನಿಗೆ ಸಿಗುತ್ತದೆ, ಅದರ ಮೇಲೆ ಶೇ 15ರವರೆಗೆ ಪ್ರೋತ್ಸಾಹಧನವೂ ಸಿಗಬಹುದು. ಹೆಚ್ಚು ಚಾನೆಲ್ ಹೆಚ್ಚು ಮನೆಗಳಿಗೆ ಹೋದಷ್ಟೂ ಅವರಿಗೆ ಆದಾಯ. ಪ್ರಸಾರ ಕಂಪನಿಗೆ ಜಾಹೀರಾತಿನ ಲೆಕ್ಕವೂ ಇದೆ. ಯಾರೂ ನೋಡದ ಚಾನೆಲ್ ಕೂಡ ಇಷ್ಟು ಲಕ್ಷ ಮನೆಗಳಲ್ಲಿ ಲಭ್ಯ ಎಂದು ಹೇಳಿಕೊಳ್ಳಬಹುದು. ನಮ್ಮ ಬೀದಿಗೆ ಹಣ ವಸೂಲಿಗೆ ಬರುವ ಹುಡುಗನಿಗೆ ಇದರಲ್ಲಿ ದೊಡ್ಡ ಪಾಲೇನೂ ಇಲ್ಲ. ಇನ್ನೂರು ಮನೆಗೆ ಇನ್ನೂರು ಬಗೆಯ ಪಟ್ಟಿ ಮಾಡುತ್ತಾ ಕೂರಲು ಅವನಿಗೆ ಹೊತ್ತಿಲ್ಲ. ಒಂದು ಪ್ಯಾಕ್ ಎಂದರೆ ಒಂದು ಗುಂಡಿ ಒತ್ತಿದರೆ ಮುಗಿಯಿತು.

ಹಾಗೆಂದು ದೊಡ್ಡ ಗಂಟು ಯಾವಾಗಲೂ ಮೋಸ ಎಂದು ನಾನು ಹೇಳುವುದಿಲ್ಲ. 2024ರ ತಿದ್ದುಪಡಿಯಲ್ಲಿ ಕೇಬಲ್, ಡಿಟಿಎಚ್ ಕಂಪನಿಗಳಿಗೂ ತಾವು ಮಾಡುವ ಪ್ಯಾಕಿನ ಮೇಲೆ ಶೇ 45ರವರೆಗೆ ರಿಯಾಯಿತಿ ಕೊಡಲು ಅವಕಾಶ ಸಿಕ್ಕಿತು; ಮೊದಲು ಅದು ಶೇ 15 ಮಾತ್ರ ಇತ್ತು. ಬೆಂಗಳೂರಿನಲ್ಲಿ ನನ್ನ ಪಕ್ಕದ ಮನೆಯನ್ನೇ ನೋಡುತ್ತೇನೆ. ಅತ್ತೆಗೆ ತಮಿಳು ಧಾರಾವಾಹಿ, ಮಾವನಿಗೆ ಕನ್ನಡ ಸುದ್ದಿ ಮತ್ತು ಹಳೆಯ ಸಿನಿಮಾ, ಸೊಸೆಗೆ ಹಿಂದಿ, ಮಗನಿಗೆ ಕ್ರೀಡೆ, ಮೊಮ್ಮಗಳಿಗೆ ಕಾರ್ಟೂನ್. ಅವರ ಹಾಳೆಯಲ್ಲಿ ಪೇ ಚಾನೆಲ್‌ಗಳೇ ಇಪ್ಪತ್ತೆರಡು ಬಂದವು. ಬಿಡಿಯಾಗಿ, ಕಂಪನಿ ಪ್ಯಾಕಿನಿಂದ, ಎರಡನ್ನೂ ಕೂಡಿಸಿ ಎಲ್ಲ ಬಗೆಯಲ್ಲೂ ಲೆಕ್ಕ ಹಾಕಿದೆವು. ಅವರು ಈಗಾಗಲೇ ತೆಗೆದುಕೊಂಡಿದ್ದ ಪ್ಯಾಕೇ ಕಡಿಮೆಗೆ ಬಂತು. ಅಂಥ ಮನೆಗೆ ನನ್ನ ಸಲಹೆ ಏನನ್ನೂ ಮುಟ್ಟಬೇಡಿ ಎಂಬುದೇ.

ಒಂದು ಮನೆಯಲ್ಲಿ ಬೇರೆ ಬೇರೆ ರುಚಿಯವರು ಇದ್ದಷ್ಟೂ ಪ್ಯಾಕ್ ಅರ್ಥಪೂರ್ಣವಾಗುತ್ತದೆ. ಪ್ಯಾಕ್ ಎಂಬ ಏರ್ಪಾಡು ಹುಟ್ಟಿದ್ದೇ ಇದರಿಂದ. ಅಜ್ಜಿಗೆ ಧಾರಾವಾಹಿಯ ಚಾನೆಲಿಗೆ 25 ರೂಪಾಯಿ ಕೊಟ್ಟರೂ ತೊಂದರೆಯಿಲ್ಲ, ಆಟದ ಚಾನೆಲಿಗೆ 5ಕ್ಕಿಂತ ಹೆಚ್ಚು ಕೊಡಲು ಮನಸ್ಸಿಲ್ಲ. ಮೊಮ್ಮಗನಿಗೆ ಇದೇ ತಿರುಗುಮುರುಗು. ಎರಡನ್ನೂ ಕಟ್ಟಿ 30ಕ್ಕೆ ಮಾರಿದರೆ ಇಬ್ಬರೂ ಕೊಳ್ಳುತ್ತಾರೆ. ಮಾರುವವನಿಗೂ ಒಂದೇ ಬೆಲೆ ಇಟ್ಟರೆ ಸಾಕಾಗುತ್ತದೆ. ಮನೆಯಲ್ಲಿ ಅಜ್ಜಿ ಮಾತ್ರ ಇದ್ದಾಗ ಆ 5 ರೂಪಾಯಿ ಬೇಡದ ಭಾರ.

ಯಾವ ಮನೆಗೆ ಯಾವುದು

ಒಬ್ಬರೇ ಇರುವ ಹಿರಿಯರು, ಇಲ್ಲವೇ ಇಬ್ಬರೇ ಇರುವ ಮನೆ: ಕಣ್ಣು ಮುಚ್ಚಿಕೊಂಡು ಸ್ವಂತ ಪಟ್ಟಿ ಮಾಡಿ. ಇವರು ನೋಡುವ ಪೇ ಚಾನೆಲ್ ಮೂರೋ ನಾಲ್ಕೋ ಇರುತ್ತವೆ, ಸುದ್ದಿ ಹೇಗೂ ಉಚಿತ. ಎನ್‌ಸಿಎಫ್ 130 ಇರುವ ಕಡೆ ತೆರಿಗೆ ಸೇರಿ 240 ರೂಪಾಯಿ ದಾಟುವ ಕಾರಣವೇ ಇಲ್ಲ. ಇಂಥವರಿಗೇ ದೊಡ್ಡ ಪ್ಯಾಕ್ ಅತಿ ಹೆಚ್ಚು ಅಂಟಿಕೊಂಡಿರುವುದನ್ನು ನೋಡಿದ್ದೇನೆ. ಕೇಳುವ ಗೋಜಿಗೆ ಅವರು ಹೋಗುವುದಿಲ್ಲ. ದೂರದಲ್ಲಿರುವ ಮಕ್ಕಳು ಹಬ್ಬಕ್ಕೆ ಹೋದಾಗ ಈ ಒಂದು ಕೆಲಸ ಮಾಡಿಕೊಟ್ಟು ಬನ್ನಿ.

ಕ್ರಿಕೆಟ್ ಮನೆಗಳು: ವರ್ಷಪೂರ್ತಿ ಕ್ರೀಡಾ ಪ್ಯಾಕಿಗೆ ಹಣ ಕಟ್ಟಿ, ನೋಡುವುದು ಐಪಿಎಲ್ ನಡೆಯುವ ಎರಡು ತಿಂಗಳು ಮತ್ತು ಭಾರತದ ಕೆಲವು ಸರಣಿ ಎಂದಾದರೆ ಬಿಡಿಯ ಬಲ ಇಲ್ಲಿ ಕಾಣುತ್ತದೆ. ಚಾನೆಲಿನ ಬೆಲೆ ತಿಂಗಳ ಲೆಕ್ಕದ್ದು. ಮಾರ್ಚ್‌ನಲ್ಲಿ ಹಾಕಿಸಿ, ಫೈನಲ್ ಮುಗಿದ ಮೇಲೆ ತೆಗೆಸಿ. ಕನ್ನಡ ವೀಕ್ಷಕ ವಿವರಣೆ ಬೇಕಾದವರಿಗೆ ಸ್ಟಾರ್ ಸ್ಪೋರ್ಟ್ಸ್‌ನ ಕನ್ನಡ ಚಾನೆಲ್ ಬೇರೆಯೇ ಇದೆ. ಅದೇ ಪಂದ್ಯವನ್ನು ಮೂರು ಭಾಷೆಯಲ್ಲಿ ಕೊಳ್ಳುವ ಅಗತ್ಯವಿಲ್ಲ.

ಚಿಕ್ಕ ಮಕ್ಕಳಿರುವ ಮನೆ: ಕಂಪನಿ ಪ್ಯಾಕಿನಲ್ಲಿ ಮಕ್ಕಳ ಚಾನೆಲ್ ಸೇರಿದೆಯೇ ಎಂದು ನೋಡಿ. ಉದಯದ ಬಳಗದ ಚಿಂಟು ಟಿವಿ ಕನ್ನಡದಲ್ಲಿಯೇ ಬರುತ್ತದೆ. ಮಗು ಕನ್ನಡದಲ್ಲಿ ನಗುವುದಕ್ಕೆ ಕೊಡುವ ಹಣ ದಂಡವಲ್ಲ ಎಂಬುದು ನನ್ನ ಅಭಿಪ್ರಾಯ.

ಕರ್ನಾಟಕದ ಹೊರಗಿನ ಕನ್ನಡಿಗರು: ಮುಂಬೈ, ಪುಣೆ, ಹೊಸೂರು, ಕಾಸರಗೋಡು, ಸೊಲ್ಲಾಪುರ ಎಲ್ಲೇ ಇರಲಿ, ಅಲ್ಲಿನ ಸ್ಥಳೀಯ ಪ್ಯಾಕ್ ಅಲ್ಲಿನ ಭಾಷೆಗೆಂದು ಮಾಡಿದ್ದು. ಎರಡು ಕನ್ನಡ ಚಾನೆಲಿಗೋಸ್ಕರ ದೊಡ್ಡ "ದಕ್ಷಿಣ ಪ್ಯಾಕ್" ಹಾಕಿಸಿಕೊಂಡವರು ನನಗೆ ಗೊತ್ತು. ಅದರ ಬದಲು ಸ್ಥಳೀಯ ಸಣ್ಣ ಪ್ಯಾಕಿನ ಮೇಲೆ ಬೇಕಾದ ಕನ್ನಡ ಚಾನೆಲ್‌ಗಳನ್ನು ಬಿಡಿಯಾಗಿ ಸೇರಿಸಿ. ಬಿಡಿ ಮಾರಾಟದ ನಿಯಮದಿಂದ ನಿಜವಾದ ಉಪಕಾರವಾದವರಲ್ಲಿ ಇವರು ಮೊದಲಿಗರು.

ಎಚ್‌ಡಿ ಬಗ್ಗೆ ಒಂದೇ ಮಾತು. ಶುಲ್ಕದ ಎಣಿಕೆಯಲ್ಲಿ ಒಂದು ಎಚ್‌ಡಿ ಚಾನೆಲ್ ಎರಡು ಸಾಮಾನ್ಯ ಚಾನೆಲಿಗೆ ಸಮ. ಅದಕ್ಕಿಂತ ಮುಖ್ಯವಾಗಿ, ದೊಡ್ಡ ಗಂಟಿನಲ್ಲಿ ಸಾಮಾನ್ಯ ರೂಪವೂ, ಮೇಲಿಂದ ಬಿಡಿಯಾಗಿ ಹಾಕಿಸಿದ ಎಚ್‌ಡಿ ರೂಪವೂ ಎರಡೂ ಇದ್ದು, ಒಂದೇ ಧಾರಾವಾಹಿಗೆ ಎರಡು ಸಲ ಹಣ ಹೋಗುತ್ತಿರುತ್ತದೆ. ನಿಮ್ಮ ಪಟ್ಟಿಯಲ್ಲಿ ಒಂದೇ ಹೆಸರು ಎರಡು ಕಡೆ ಇದೆಯೇ ನೋಡಿ.

ಏನೂ ಕಟ್ಟದೆ ನೋಡುವ ದಾರಿಯೂ ಇದೆ. ಪ್ರಸಾರ ಭಾರತಿಯ ಡಿಡಿ ಫ್ರೀ ಡಿಶ್‌ಗೆ ಒಮ್ಮೆ ಡಿಶ್ ಮತ್ತು ಬಾಕ್ಸ್ ಕೊಂಡರೆ ತಿಂಗಳ ಶುಲ್ಕ ಇಲ್ಲ. ಚಂದನ ಸಿಗುತ್ತದೆ. ಆದರೆ ಮೇಲೆ ಹೇಳಿದ ಜನಪ್ರಿಯ ಕನ್ನಡ ಪೇ ಚಾನೆಲ್‌ಗಳು ಅಲ್ಲಿ ಬರುವುದಿಲ್ಲ. ಧಾರಾವಾಹಿ ಬೇಕೆನ್ನುವ ಮನೆಗೆ ಇದು ಒಗ್ಗುವುದಿಲ್ಲ, ಎರಡನೇ ಟಿವಿಗೆ ಅಥವಾ ತೋಟದ ಮನೆಗೆ ಚೆನ್ನಾಗಿ ಒಗ್ಗುತ್ತದೆ.

ಬದಲಾಯಿಸುವಾಗ

ನಾವು ಪಟ್ಟಿ ಕೊಟ್ಟಾಗ ಮೊದಲು ಸಿಕ್ಕ ಉತ್ತರ, "ಬಿಡಿಯಾಗಿ ಕೊಡುವುದಕ್ಕೆ ಸಿಸ್ಟಮ್‌ನಲ್ಲಿ ಬರುವುದಿಲ್ಲ ಅಮ್ಮಾ, ಪ್ಯಾಕೇ ಇರಲಿ ಬಿಡಿ" ಎಂದು. ಅದು ಸರಿಯಲ್ಲ. ಪ್ರತಿ ಪೇ ಚಾನೆಲನ್ನೂ ಬಿಡಿಯಾಗಿ ಕೊಡುವುದು ವಿತರಕರ ಕರ್ತವ್ಯ. ಜಗಳವಾಡದೆ ನಾನು ಕಂಪನಿಯ ಗ್ರಾಹಕ ಸೇವೆಗೆ ಕರೆ ಮಾಡಿ, ಹಳೆಯ ಪ್ಯಾಕ್ ತೆಗೆದು ಈ ಎರಡು ಕಂಪನಿ ಪ್ಯಾಕ್, ಈ ಬಿಡಿ ಚಾನೆಲ್‌ಗಳು ಎಂದು ಹೆಸರು ಹೇಳಿದೆ. ದೂರು ಸಂಖ್ಯೆ ಕೊಡಿ ಎಂದು ಕೇಳಿದೆ. ಎರಡು ದಿನದಲ್ಲಿ ಆಯಿತು. ಸಂಖ್ಯೆ ಬರೆದಿಟ್ಟುಕೊಳ್ಳುವುದನ್ನು ಮಾತ್ರ ಮರೆಯಬೇಡಿ. ಅಲ್ಲಿ ಪರಿಹಾರ ಸಿಗದಿದ್ದರೆ ಕಂಪನಿಯ ನೋಡಲ್ ಅಧಿಕಾರಿಗೆ ಹೋಗಬಹುದು, ಆಗ ಆ ಸಂಖ್ಯೆಯೇ ಆಧಾರ. ಟ್ರಾಯ್ ಒಬ್ಬೊಬ್ಬರ ದೂರನ್ನು ತಾನೇ ಇತ್ಯರ್ಥ ಮಾಡುವುದಿಲ್ಲ, ಹಾಗಾಗಿ ಮೊದಲು ಅಲ್ಲಿಗೆ ಬರೆದು ಕಾಯುತ್ತಾ ಕೂರಬೇಡಿ. ಸೆಟ್‌ಟಾಪ್ ಬಾಕ್ಸಿನಲ್ಲಿ 999 ಒತ್ತಿದರೆ ಗ್ರಾಹಕ ಮಾಹಿತಿಯ ಚಾನೆಲ್ ಬರುತ್ತದೆ. ನಿಮ್ಮ ಕಂಪನಿಯ ಪ್ಯಾಕ್‌ಗಳು, ಸಂಪರ್ಕದ ವಿವರಗಳು ಅಲ್ಲಿರುತ್ತವೆ.

ಎರಡು ಎಚ್ಚರ. ಆರು ತಿಂಗಳು, ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎಂದು ಕರೆ ಬಂದಾಗ ಪಟ್ಟಿ ಸರಿಮಾಡಿಕೊಳ್ಳದೆ ಒಪ್ಪಬೇಡಿ. ಬೇಡದ್ದನ್ನು ವರ್ಷಪೂರ್ತಿ ಅಗ್ಗವಾಗಿ ಕೊಂಡ ಹಾಗಾಗುತ್ತದೆ. ಹಾಗೆಯೇ ಹೊಸ ಪಟ್ಟಿ ಬಂದ ಮೊದಲ ತಿಂಗಳು ಬಿಲ್ಲನ್ನು ಸಾಲುಸಾಲಾಗಿ ಓದಿ. ನಮ್ಮ ಬಿಲ್ಲಿನಲ್ಲಿ ತೆಗೆಸಿದ ಒಂದು ಕ್ರೀಡಾ ಚಾನೆಲ್ ಹಾಗೇ ಉಳಿದಿತ್ತು, ಹೇಳಿದ ಮೇಲೆ ಹೋಯಿತು.

ಈಗ ನಮ್ಮ ಮನೆಯ ಬಿಲ್ ತೆರಿಗೆ ಸೇರಿ 236 ರೂಪಾಯಿ. ಎನ್‌ಸಿಎಫ್ 130, ಚಾನೆಲ್‌ಗಳಿಗೆ 70, ಉಳಿದದ್ದು ಜಿಎಸ್‌ಟಿ. ತಿಂಗಳಿಗೆ 118, ವರ್ಷಕ್ಕೆ 1,416 ರೂಪಾಯಿ ಉಳಿಯುತ್ತದೆ. ಒಂದೊಂದೇ ಗೀಟು ಇದ್ದ ಎರಡು ಚಾನೆಲ್‌ಗಳಲ್ಲಿ ಒಂದನ್ನು ಅಮ್ಮ ಬಿಡಲಿಲ್ಲ. ಭಾನುವಾರ ಮಧ್ಯಾಹ್ನ ಅದರಲ್ಲಿ ಹಳೆಯ ಸಿನಿಮಾ ಬರುತ್ತದಂತೆ. ಕ್ಯಾಲೆಂಡರಿನ ಹಾಳೆ ಇನ್ನೂ ಮೊಳೆಯಲ್ಲೇ ಇದೆ. ಅದರ ಕೆಳಗಡೆ ಅಪ್ಪನ ದಪ್ಪ ಅಕ್ಷರದಲ್ಲಿ ಒಂದು ಸಾಲು ಸೇರಿದೆ: "ಜೂನ್ ಮೊದಲ ವಾರ ಆಟದ ಚಾನೆಲ್ ತೆಗೆಸುವುದು."